ಸಿನಿಮಾ ಮಾತು ಶಾಲೆಯ ಬಾಗಿಲಾಚೆಗೇ ನಿಲ್ಲಬೇಕೆ?

ಹೋದ ಬೇಸಗೆಯ ರಜೆಗೆ ಮುಂಚೆ ಕನ್ನಡ ಮಾಧ್ಯಮದ ಉಪಾಧ್ಯಾಯರು ಕೆಲವರು ಕಲೆತಿದ್ದ ಕೂಟವೊಂದರಲ್ಲಿ ಹಿರಿಯ ಮಿತ್ರರೊಬ್ಬರು ಒಂದು ಮಾತನ್ನು ಬಹು ಖಂಡಿತವಾಗಿ ನುಡಿದರು. ನಮ್ಮ ಮಕ್ಕಳು ಸಿನಿಮಾ ನೋಡಿ ಕೆಡುತ್ತಿದ್ದಾರೆ. ಆದುದರಿಂದ ಶಾಲೆಯ ಆವರಣದಲ್ಲಿ ಸಿನಿಮಾದ ಹೆಸರನ್ನೇ ಎತ್ತದಂತೆ ಕಟ್ಟು ಮಾಡಬೇಕು. ಆಗ ಶಿಸ್ತೂ ಉಳಿಯುವುದು, ಕನ್ನಡವೂ ಉಳಿಯುವುದು. ಇದು ಅವರ ವಾದ. ಹಲವರು ತಲೆದೂಗಿದರು. ನಾನು ಸುಮ್ಮನಿದ್ದೆ, ಹಿರಿಯರೆದುರು ಎದ್ದು ನಿಂತು ಅಲ್ಲವೆನ್ನುವ ಧೈರ್ಯ ಒದಗಲಿಲ್ಲ. ಅಂದು ಆಡದ ಮಾತನ್ನು ಈ ಪುಟಗಳಲ್ಲಿ ಆಡುತ್ತಿದ್ದೇನೆ. ಅವರ ವಾದ ತಪ್ಪು. ತಪ್ಪಷ್ಟೇ ಅಲ್ಲ, ರಾಯದುರ್ಗ ಮಡಕಶಿರಾಗಳ ಕನ್ನಡಕ್ಕೆ ಕೇಡು ತರುವಂಥದು.

ನನ್ನ ತರಗತಿಯಲ್ಲಿ ನಡೆದುದನ್ನು ಹೇಳುತ್ತೇನೆ. ಐದನೆಯ ತರಗತಿಯ ಇಬ್ಬರು ಹುಡುಗರು ಹೊಡೆದಾಡಿಕೊಂಡರು. ಒಬ್ಬನ ಅಂಗಿಯ ತೋಳು ಹರಿದಿತ್ತು, ಇನ್ನೊಬ್ಬನ ತುಟಿ ಬಾತಿತ್ತು. ವಿಚಾರಿಸಿದರೆ, ಒಬ್ಬನು ತೆಲುಗು ನಟನೊಬ್ಬನ ಅಭಿಮಾನಿ, ಇನ್ನೊಬ್ಬನು ಕನ್ನಡ ನಟನ ಅಭಿಮಾನಿ. ಯಾರ ಸಿನಿಮಾ ದೊಡ್ಡದೆಂಬುದೇ ಜಗಳ. ನಾನು ಬೆತ್ತ ತೆಗೆಯಲಿಲ್ಲ. ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು, “ನಿನ್ನ ಸಿನಿಮಾ ಏಕೆ ಚೆನ್ನಾಗಿದೆ, ಹೇಳು” ಎಂದೆ. “ಸೂಪರ್ ಐತೆ ಸಾರ್” ಎಂದ. ಏಕೆ ಸೂಪರ್? “ಫೈಟು ಸೂಪರ್ ಸಾರ್.” ಎರಡನೆಯವನದೂ ಅದೇ ಉತ್ತರ, ಅದೇ ಪದ. ಇಬ್ಬರಿಗೂ ಸೇರಿ ಇದ್ದದ್ದು ಒಂದು ಪದ. ಅದೂ ಕನ್ನಡದ್ದಲ್ಲ, ತೆಲುಗಿನದೂ ಅಲ್ಲ. ಅದು ಮುಗಿದ ಮೇಲೆ ಪಾಪ, ಕೈಗಳಲ್ಲದೆ ಅವರಿಗೆ ಇನ್ನೇನು ಉಳಿದಿತ್ತು?

ಈ ಮಕ್ಕಳು ದಡ್ಡರೇನೂ ಅಲ್ಲ. 2022ರಲ್ಲಿ ವಿಶ್ವಕಪ್ ಫುಟ್‌ಬಾಲ್ ನಡೆದಾಗ ಅಣ್ಣನ ಮೊಬೈಲಿನಲ್ಲಿ ಆಟ ನೋಡಿದ್ದ ಹುಡುಗನೊಬ್ಬನು, ಒಂದು ಗೋಲನ್ನು ಏಕೆ ಲೆಕ್ಕಕ್ಕೆ ಹಿಡಿಯಲಿಲ್ಲವೆಂಬುದನ್ನು ಮೂರು ಬಳಪ ನೆಲದ ಮೇಲಿಟ್ಟು ನನಗೆ ತಿಳಿಯಹೇಳಿದ್ದ. ಚೆಂಡನ್ನು ಒದೆಯುವ ಹೊತ್ತಿಗೆ ಇವನು ಎಲ್ಲಿ ನಿಂತಿದ್ದ, ಎದುರು ಪಕ್ಷದವನು ಎಲ್ಲಿದ್ದ, ಎಲ್ಲವನ್ನೂ ಅಚ್ಚ ಕನ್ನಡದಲ್ಲಿ! ಆಟಕ್ಕೆ ನಿಯಮವುಂಟು, ನಿಯಮ ತಿಳಿದವನಿಗೆ ಕಾರಣ ಕೊಡಲು ಬರುತ್ತದೆ. ಸಿನಿಮಾವನ್ನು ಹೇಗೆ ನೋಡಬೇಕೆಂದು ಅವರಿಗೆ ಹೇಳಿದವರು ಯಾರೂ ಇಲ್ಲ. (ದೊಡ್ಡ ಹುಡುಗರು ಕಿವಿಗೆ ಸಿಕ್ಕಿಸಿಕೊಂಡು ಕೇಳುವ ರಾಕ್ ಸಂಗೀತದ ವಿಷಯ ನಾನು ಬಲ್ಲವನಲ್ಲ, ಅದನ್ನು ಬಲ್ಲವರು ಬರೆಯಲಿ.)

ಅಭಿಪ್ರಾಯ ಹೇಳುವುದು ನಮ್ಮ ಸೀಮೆಗೆ ಹೊಸದೇ? ಬಯಲಾಟ ಮುಗಿದ ಮರುದಿನ ಅರಳೀಕಟ್ಟೆಯ ಮೇಲೆ ಕುಳಿತ ಹಿರಿಯರ ಮಾತನ್ನು ನಾನು ಚಿಕ್ಕಂದಿನಲ್ಲಿ ಕೇಳಿದ್ದೇನೆ. ದುರ್ಯೋಧನನ ಪಾತ್ರದವನು ಮೊದಲ ಜಾವದಲ್ಲಿಯೇ ದನಿಯನ್ನೆಲ್ಲ ಖರ್ಚು ಮಾಡಿಬಿಟ್ಟ, ಬೆಳಗಿನ ಜಾವದ ಯುದ್ಧಕ್ಕೆ ಗಂಟಲೇ ಇರಲಿಲ್ಲ. ದ್ರೌಪದಿಯ ಪಾತ್ರದವನು ಅತ್ತನೇ ಹೊರತು ಸಿಟ್ಟಾಗಲಿಲ್ಲ, ದ್ರೌಪದಿ ಬರಿದೆ ಅಳುವ ಹೆಂಗಸೇ? ಹೀಗೆ ಸಾಗುತ್ತಿತ್ತು ಅವರ ವಿಮರ್ಶೆ. ಹೆಬ್ಬೆಟ್ಟಿನ ರೈತರು ಅವರು. ಕಾರಣವಿಲ್ಲದೆ ಹೊಗಳಿದವನನ್ನು ಆ ಕಟ್ಟೆಯ ಮೇಲೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಅವರ ಮೊಮ್ಮಕ್ಕಳಿಗೆ ನಾವು ಐದು ವರ್ಷ ಅಕ್ಷರ ಕಲಿಸಿದ್ದೇವೆ. ಕಲಿಸಿದ ಮೇಲೆ ಉಳಿದದ್ದು ‘ಸೂಪರ್’.

ಇನ್ನು ಕನ್ನಡದ ಸಿನಿಮಾ, ತೆಲುಗಿನ ಸಿನಿಮಾ ಎಂಬ ಜಗಳ. ಇದರಲ್ಲಿ ಹುಡುಗರಿಗಿಂತ ದೊಡ್ಡವರ ಪಾಲೇ ಹೆಚ್ಚು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಸೇರಿದವು. ಮಡಕಶಿರಾ ಅದಕ್ಕೂ ಮೊದಲಿನಿಂದ ಅನಂತಪುರ ಜಿಲ್ಲೆಯಲ್ಲಿತ್ತು, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಗಡಿ ಬಿದ್ದ ಮರುವರ್ಷ, 1954ರಲ್ಲಿ, ಎಚ್.ಎಲ್.ಎನ್. ಸಿಂಹ ಅವರು ‘ಬೇಡರ ಕಣ್ಣಪ್ಪ’ವನ್ನು ತೆರೆಗೆ ತಂದರು. ರಾಜಕುಮಾರರು ನಾಯಕರಾದ ಮೊದಲ ಚಿತ್ರವದು. ಅದೇ ಕಥೆ ಅದೇ ವರ್ಷ ಕಾಳಹಸ್ತಿಯ ಹೆಸರಿನಲ್ಲಿ ತೆಲುಗಿನಲ್ಲಿಯೂ ಬಂತು. ಅಲ್ಲಿಯೂ ಕಣ್ಣಪ್ಪ ರಾಜಕುಮಾರರೇ. ಹದಿನಾರು ವರ್ಷ ಕಳೆದು 1970ರಲ್ಲಿ ಕನ್ನಡದ ಹೊಸ ಅಲೆಗೆ ಬಾಗಿಲು ತೆರೆದ ‘ಸಂಸ್ಕಾರ’ ಬಂದಿತು. ಅದನ್ನು ನಿರ್ದೇಶಿಸಿದವರು ನೆಲ್ಲೂರಿನ ಪಟ್ಟಾಭಿರಾಮ ರೆಡ್ಡಿಯವರು, ತೆಲುಗಿನ ಕವಿಗಳು. ಕನ್ನಡಕ್ಕೆ ಸ್ವರ್ಣಕಮಲ ಮೊದಲು ದೊರೆತದ್ದು ಆ ಚಿತ್ರದಿಂದ. ಈಗ ಹೇಳಿ, ನಮ್ಮ ಇಬ್ಬರು ಹುಡುಗರಲ್ಲಿ ಯಾರ ಅಂಗಿ ಹರಿಯಬೇಕಾಗಿತ್ತು?

ಹಿರಿಯ ಮಿತ್ರರ ಭಯದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ನಟನ ಮೇಲಣ ಅಭಿಮಾನದೊಳಗೆ ಜಾತಿಯ ಅಭಿಮಾನವೂ ನುಸುಳಿಕೊಂಡಿರುವುದನ್ನು ಈ ಸೀಮೆಯ ಹುಡುಗರು ಮೀಸೆ ಮೂಡುವ ಮೊದಲೇ ಕಲಿಯುತ್ತಾರೆ. ಸಿನಿಮಾ ಇಲ್ಲಿ ರಾಜ್ಯವನ್ನೇ ಆಳಿದೆ: ಎನ್.ಟಿ. ರಾಮರಾವ್ ಅವರು 1982ರಲ್ಲಿ ಪಕ್ಷ ಕಟ್ಟಿ 1983ರಲ್ಲಿ ಮುಖ್ಯಮಂತ್ರಿಗಳಾದರು. 1985ರಲ್ಲಿ ಮಡಕಶಿರಾದ ನೆರೆಯ ಹಿಂದೂಪುರದಿಂದಲೇ ಗೆದ್ದರು. ಹೀಗಿರುವಾಗ ಸಿನಿಮಾವನ್ನು ಕುರಿತು ಯೋಚಿಸಲು ಕಲಿಸದೆ ಬಿಡುವುದು ಯಾವ ಶಿಸ್ತು? ನಾವು ಬಾಯಿ ಮುಚ್ಚಿಸಿದರೆ ಹುಡುಗನು ಸಿನಿಮಾ ಬಿಡುವುದಿಲ್ಲ, ನಮ್ಮನ್ನು ಬಿಡುತ್ತಾನೆ. ಅವನ ಸಂತೋಷದ ಮಾತೆಲ್ಲ ಬೇರೆ ಕಡೆ, ಬೇರೆ ಭಾಷೆಯಲ್ಲಿ ನಡೆಯುತ್ತದೆ; ಕನ್ನಡ ಪರೀಕ್ಷೆಗೆ ಮಾತ್ರ ಉಳಿಯುತ್ತದೆ. 2022ರ ಸೆಪ್ಟೆಂಬರ್ ಕೊನೆಯಲ್ಲಿ ‘ಕಾಂತಾರ’ ಕನ್ನಡದಲ್ಲಿ ಬಂದು, ಅಕ್ಟೋಬರಿನಲ್ಲಿ ತೆಲುಗಿನಲ್ಲಿ ಬಂದಿತು. ನನ್ನ ತರಗತಿಯ ಮಕ್ಕಳಲ್ಲಿ ಹೆಚ್ಚಿನವರು ಅದನ್ನು ನೋಡಿದ್ದು ತೆಲುಗಿನಲ್ಲಿ. ಅದಕ್ಕಾಗಿ ನನಗೆ ದುಃಖವಿಲ್ಲ. ನೋಡಿ ಬಂದು ಅದನ್ನು ಕನ್ನಡದಲ್ಲಿ ಹೇಳಲು ಅವರಿಗೆ ಒಂದು ಗಳಿಗೆಯೂ ಒಂದು ಜಾಗವೂ ಇರಲಿಲ್ಲವಲ್ಲ, ದುಃಖ ಅದಕ್ಕೆ.

ಸಿನಿಮಾ ವಿಮರ್ಶೆಯೆಂಬುದು ಪಟ್ಟಣದವರ ವಿಲಾಸ, ಹಳ್ಳಿಯ ಮಕ್ಕಳಿಗೇಕೆ ಎನ್ನುವವರೂ ಉಂಟು. ಅವರು ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನ ಕಡೆ ನೋಡಬೇಕು. ಆ ಪುಟ್ಟ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆ 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿತು. ಕೆ.ವಿ. ಸುಬ್ಬಣ್ಣನವರು ಅಡಕೆ ತೋಟದ ಜನರನ್ನು ಕೂರಿಸಿ ‘ಪಥೇರ್ ಪಾಂಚಾಲಿ’, ‘ರಶೋಮನ್’ಗಳನ್ನು ತೋರಿಸಿದರು, ಬಂಗಾಳಿಯಾಗಲಿ ಜಪಾನಿಯಾಗಲಿ ಬಾರದ ಜನ ಕುಳಿತು ನೋಡಿದರು, ಕುಳಿತು ಮಾತನಾಡಿದರು. ಮಾತನಾಡಿದ್ದು ಕನ್ನಡದಲ್ಲಿ.

ನಾನೂ ಈ ವರ್ಷ ಸಣ್ಣದೊಂದು ಪ್ರಯತ್ನ ಮಾಡಿದೆ. ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಯಾರು ಬೇಕಾದರೂ ತಾವು ನೋಡಿದ ಸಿನಿಮಾವನ್ನೋ ಆಟವನ್ನೋ ಕುರಿತು ಮಾತನಾಡಬಹುದು. ಷರತ್ತು ಎರಡೇ: ‘ಸೂಪರ್’ ಎನ್ನಕೂಡದು, ಎದುರಿನವನು ‘ಏಕೆ’ ಎಂದಾಗ ಸಿಟ್ಟಾಗಕೂಡದು. ಮೊದಲ ಎರಡು ವಾರ ತರಗತಿಯಲ್ಲಿ ಕೆಮ್ಮಿನ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ಮೂರನೆಯ ವಾರ ಹುಡುಗಿಯೊಬ್ಬಳು ಎದ್ದಳು. ಮನೆಯ ಟಿ.ವಿ.ಯಲ್ಲಿ ‘ಬಂಗಾರದ ಮನುಷ್ಯ’ ನೋಡಿ ಬಂದಿದ್ದಳು. ಟಿ.ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು 1972ರಲ್ಲಿ ಮಾಡಿದ ಚಿತ್ರ; ಬರಡು ನೆಲದಲ್ಲಿ ದುಡಿದು ಬಂಗಾರ ಬೆಳೆದವನ ಕಥೆ. ಅದನ್ನು ನೋಡಿ ಓದಿದ ತರುಣರು ಹಳ್ಳಿಗೆ ಮರಳಿದರೆಂದು ನಾವೆಲ್ಲ ಕೇಳಿಕೊಂಡೇ ಬೆಳೆದವರು. ಅವಳು ಹೇಳಿದಳು: “ಸಿನಿಮಾ ಚೆನ್ನಾಗೈತೆ ಸಾರ್, ಆದರೆ ಒಂದು ಸರಿ ಇಲ್ಲ. ನಮ್ಮಪ್ಪ ಮೂರು ಸಲ ಬೋರು ಹಾಕಿಸಿದ, ನೀರು ಬೀಳಲಿಲ್ಲ. ಶೇಂಗಾನೂ ಒಣಗಿತು. ದುಡಿದರೆ ಬೆಳೆ ಬರತೈತೆ ಅಂತ ಸಿನಿಮಾದಾಗೆ ಹೇಳ್ತಾರೆ. ಹಂಗಾದ್ರೆ ನಮ್ಮಪ್ಪ ದುಡಿಯಲಿಲ್ಲ ಅಂತಾನಾ?”

ಇಡೀ ತರಗತಿ ನನ್ನ ಮುಖ ನೋಡಿತು. ಶಿಕ್ಷಕರ ತರಬೇತಿಯಲ್ಲಿ ನಾನು ಕಲಿತ ಯಾವ ಪಾಠದಲ್ಲಿಯೂ ಇದಕ್ಕೆ ಉತ್ತರವಿರಲಿಲ್ಲ. ಆಮೇಲೆ ಹುಡುಗರೇ ಮಾತಿಗಿಳಿದರು. ಸಿನಿಮಾ ಇರುವುದು ಧೈರ್ಯ ತುಂಬುವುದಕ್ಕೆ, ಲೆಕ್ಕ ಒಪ್ಪಿಸುವುದಕ್ಕಲ್ಲ ಎಂದು ಒಬ್ಬನ ವಾದ. ಆ ಕಥೆಯ ಊರಿನಲ್ಲಿ ಮಳೆಯಾಗುತ್ತಿದ್ದಿರಬೇಕು, ನಮ್ಮದು ಮಳೆ ಕಾಣದ ಸೀಮೆ ಎಂದು ಇನ್ನೊಬ್ಬನದು. ಅಂಗಿ ಹರಿದುಕೊಂಡಿದ್ದ ಹುಡುಗನೂ, ತುಟಿ ಬಾತಿದ್ದವನೂ ಅಂದು ಒಂದೇ ಪಕ್ಷದಲ್ಲಿದ್ದರು. ಯಾರೂ ಗೆಲ್ಲಲಿಲ್ಲ. ಆ ಹುಡುಗಿ ಒಪ್ಪಲೇ ಇಲ್ಲ.

ಸಿನಿಮಾದ ಮಾತನ್ನು ಬಾಗಿಲಾಚೆ ನಿಲ್ಲಿಸಬೇಕೆನ್ನುವ ಹಿರಿಯ ಮಿತ್ರರು ದಯವಿಟ್ಟು ಒಂದು ಶನಿವಾರ ನಮ್ಮ ಶಾಲೆಗೆ ಬರಲಿ. ಹಿಂದಿನ ಸಾಲಿನಲ್ಲಿ ಅವರಿಗೊಂದು ಕುರ್ಚಿ ಹಾಕಿಸಿರುತ್ತೇನೆ. ಷರತ್ತುಗಳೆರಡೂ ಅವರಿಗೂ ಅನ್ವಯಿಸುತ್ತವೆ.