ಡ್ರೋನ್ ಹಾರಿಸುವ ಹುಡುಗಿಯರು: ಲೆಕ್ಕ ಮೊದಲು, ಹಾರಾಟ ಆಮೇಲೆ

ಮೊನ್ನೆ ಕಬನೂರಿಗೆ ಹೋಗಿದ್ದೆ. ನಮ್ಮ ಅಕ್ಕನನ್ನು ಆ ಊರಿಗೆ ಕೊಟ್ಟು ನಲವತ್ತು ವರ್ಷ ದಾಟಿತು. ಇಚಲಕರಂಜಿಗೆ ಹತ್ತಿಕೊಂಡ ಊರು ಅದು. ಓಣಿಯೊಳಗೆ ಮಗ್ಗದ ಖಟಖಟ, ಊರು ದಾಟಿದರೆ ಕಬ್ಬು. ಅಕ್ಕನ ಮನೆಯಲ್ಲಿ ಕನ್ನಡ, ಕಟ್ಟೆಯ ಮೇಲೆ ಮರಾಠಿ, ವ್ಯಾಪಾರಕ್ಕೆ ಎರಡೂ. ಚಹಾ ಕುಡಿದು ಬಟ್ಟಲು ಕೆಳಗಿಡುವ ಮೊದಲೇ ಅಕ್ಕ ಮೊಮ್ಮಗಳ ಮಾತು ತೆಗೆದಳು.

“ಬಾರಾವಿ ಪಾಸಾಗ್ಯಾಳ ತಮ್ಮಾ. ಈಗ ಡ್ರೋನ್ ಕಲೀತೀನಿ ಅಂತ ಹಟ ಹಿಡದಾಳ. ಅರವತ್ತು ಸಾವಿರ ಫೀ ಅಂತ. ಮದುವಿಗಂತ ತಗದಿಟ್ಟ ರೊಕ್ಕ ಅದು. ಕೊಡೂದೋ ಬ್ಯಾಡೋ, ನೀನ ಹೇಳು.”

ಹುಡುಗಿ ಬಾಗಿಲಲ್ಲೇ ನಿಂತಿದ್ದಳು. “ಅಜ್ಜಾ, ಉತ್ತರ ಪ್ರದೇಶದ ಹಳ್ಳ್ಯಾಗಿನ ಹೆಣ್ಮಕ್ಕಳು ಹಾರಸ್ತಾರ. ನಾ ಯಾಕ ಹಾರಸಬಾರದು?” ಎಂದಳು.

ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಎಂಟು ದಿನದ ವಾಯಿದೆ ಕೇಳಿಕೊಂಡು ಬಂದೆ. ಆ ಎಂಟು ದಿನ ಹಾಕಿದ ಲೆಕ್ಕವೇ ಈ ಲೇಖನ. ಅಕ್ಕನ ಮನೆಯ ಪ್ರಶ್ನೆ ಗಡಿಯ ಈಚೆಗಿನ ಬೋರಗಾಂವ, ಸದಲಗಾ, ನಿಪ್ಪಾಣಿಯ ಎಷ್ಟೋ ಮನೆಗಳ ಪ್ರಶ್ನೆಯೂ ಹೌದು.

ಯೋಜನೆಯ ಒಳಗೇನಿದೆ

ಹುಡುಗಿ ಹೇಳಿದ್ದು ಸುಳ್ಳಲ್ಲ. ಉತ್ತರ ಪ್ರದೇಶದ ಸೀತಾಪುರ ಜಿಲ್ಲೆಯ ಸುನೀತಾ ದೇವಿಯವರ ಜೊತೆ ಪ್ರಧಾನಮಂತ್ರಿಗಳು 2024ರ ಫೆಬ್ರವರಿ ತಿಂಗಳ ರೇಡಿಯೋ ಭಾಷಣದಲ್ಲಿ ಮಾತಾಡಿದ್ದರು. ‘ಡ್ರೋನ್ ದೀದಿ’ ಎಂಬ ಹೆಸರು ಮನೆ ಮನೆಗೆ ಮುಟ್ಟಿದ್ದು ಹೀಗೆ. ಅದರ ಹಿಂದಿನ ‘ನಮೋ ಡ್ರೋನ್ ದೀದಿ’ ಯೋಜನೆಗೆ ಕೇಂದ್ರ ಸಂಪುಟ 2023ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಗಾತ್ರ 1,261 ಕೋಟಿ ರೂಪಾಯಿ. 2025-26ರ ಒಳಗೆ ದೇಶದ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಒದಗಿಸುವುದು ಗುರಿ. ಡ್ರೋನು ಮತ್ತು ಅದರ ಸಾಮಾನಿನ ಬೆಲೆಯಲ್ಲಿ ಶೇಕಡಾ 80, ಹೆಚ್ಚೆಂದರೆ 8 ಲಕ್ಷ ರೂಪಾಯಿ, ಸಹಾಯಧನ. ಉಳಿದದ್ದಕ್ಕೆ ಕೃಷಿ ಮೂಲಸೌಕರ್ಯ ನಿಧಿಯಿಂದ ಸಾಲ, ಅದಕ್ಕೆ ಶೇಕಡಾ 3 ಬಡ್ಡಿ ರಿಯಾಯಿತಿ. ಸಂಘದ ಒಬ್ಬ ಸದಸ್ಯೆಗೆ 15 ದಿನದ ತರಬೇತಿ: 5 ದಿನ ಹಾರಿಸುವುದು, 10 ದಿನ ಗೊಬ್ಬರ-ಔಷಧ ಸಿಂಪಡಿಸುವುದು. ಇದರಿಂದ ಸಂಘಕ್ಕೆ ವರ್ಷಕ್ಕೆ ಕನಿಷ್ಠ 1 ಲಕ್ಷ ರೂಪಾಯಿ ಹೆಚ್ಚಿನ ಗಳಿಕೆ ಆದೀತೆಂಬುದು ಸರ್ಕಾರದ ಅಂದಾಜು.

ಇಲ್ಲಿ ಒಂದು ಮಾತನ್ನು ಗಮನವಿಟ್ಟು ಓದಬೇಕು. ಯಂತ್ರ ಸಿಗುವುದು ಸಂಘಕ್ಕೆ, ಹುಡುಗಿಗಲ್ಲ. ಕಬನೂರಿನಲ್ಲಿ ‘ಬಚತ್ ಗಟ್’ ಅನ್ನುತ್ತಾರೆ, ನಮ್ಮಲ್ಲಿ ಸಂಘ. ಅದರ ಸದಸ್ಯೆಯರು ಹೆಚ್ಚಾಗಿ ಮದುವೆಯಾಗಿ ಊರಲ್ಲಿ ನೆಲೆನಿಂತ ಹೆಂಗಸರು. ಬಾರಾವಿ ಮುಗಿಸಿದ ಹುಡುಗಿ ಸ್ವಂತ ಫೀ ಕಟ್ಟಿ ಕಲಿತರೆ ಅವಳ ಕೈಗೆ ಬರುವುದು ಪ್ರಮಾಣಪತ್ರ ಮಾತ್ರ. ಅವಳಿಗೆ ‘ಕೋರ್ಸ್ ಮುಗಿದ ಕೂಡಲೇ ಸರ್ಕಾರ ಡ್ರೋನ್ ಕೊಡತೈತಿ’ ಎಂದು ಹೇಳಿದ ಏಜೆಂಟ್ ಅರ್ಧ ಮಾತನ್ನು ಮುಚ್ಚಿಟ್ಟಿದ್ದ.

ಪ್ರಮಾಣಪತ್ರಕ್ಕೆ ಗಡಿಯಿಲ್ಲ

2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳ ಪ್ರಕಾರ ಕಲಿಯುವವರ ವಯಸ್ಸು 18ರಿಂದ 65, ಓದು ಕನಿಷ್ಠ ಹತ್ತನೇ ಇಯತ್ತೆ. 2022ರ ಫೆಬ್ರವರಿಯಲ್ಲಿ ತಿದ್ದುಪಡಿಯಾಗಿ ‘ಲೈಸನ್ಸ್’ ಹೋಗಿ ‘ರಿಮೋಟ್ ಪೈಲಟ್ ಸರ್ಟಿಫಿಕೇಟ್’ ಬಂತು. ಅದನ್ನು ಕೊಡಬೇಕಾದದ್ದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿ.ಜಿ.ಸಿ.ಎ. ಮಾನ್ಯ ಮಾಡಿದ ಸಂಸ್ಥೆ. ಅವಧಿ 10 ವರ್ಷ. 250 ಗ್ರಾಮಿನೊಳಗಿನ ನ್ಯಾನೋ ಡ್ರೋನಿಗೆ ಈ ಪತ್ರ ಬೇಡ. 2 ಕಿಲೋದೊಳಗಿನದನ್ನು ಹವ್ಯಾಸಕ್ಕೆ ಹಾರಿಸಿದರೂ ಬೇಡ. ಆದರೆ ಅದೇ ಯಂತ್ರದಲ್ಲಿ ಮದುವೆ ಶೂಟಿಂಗ್ ಮಾಡಿ ರೊಕ್ಕ ತೆಗೆದುಕೊಂಡರೆ ಬೇಕು. ಹೊಲಕ್ಕೆ ಎಣ್ಣೆ ಹೊಡೆಯುವ ಯಂತ್ರ ಇದಕ್ಕಿಂತ ಬಹಳ ಭಾರ, ಅದಕ್ಕಂತೂ ಬೇಕೇ ಬೇಕು.

ಈ ಪತ್ರ ದೇಶಕ್ಕೆಲ್ಲ ಒಂದೇ. ಸಾತಬಾರಾ ಉತಾರೆಯ ಹೊಲಕ್ಕೂ ನಡೆಯುತ್ತದೆ, ಪಹಣಿಯ ಹೊಲಕ್ಕೂ ನಡೆಯುತ್ತದೆ. ಸಹಾಯಧನದ ಮಾತು ಹಾಗಲ್ಲ. ಮಹಾರಾಷ್ಟ್ರದ ಬಚತ್ ಗಟ್‌ಗಳು ‘ಉಮೇದ್’ ಅಭಿಯಾನದ ಕೆಳಗೆ, ಕರ್ನಾಟಕದ ಸಂಘಗಳು ‘ಸಂಜೀವಿನಿ’ಯ ಕೆಳಗೆ. ಕಬನೂರಿನ ಹುಡುಗಿಯನ್ನು ನಾಳೆ ಚಿಕ್ಕೋಡಿಗೋ ಅಥಣಿಗೋ ಕೊಟ್ಟರೆ ಸಂಘದ ಡ್ರೋನು ತವರಿನಲ್ಲೇ ಉಳಿಯುತ್ತದೆ. ಸದಸ್ಯತ್ವವೂ ಅಲ್ಲಿಗೇ ಮುಗಿಯಿತು. ಅವಳ ಬೆನ್ನಿಗೆ ಬರುವುದು ಆ ಪತ್ರವೊಂದೇ. ಅಕ್ಕನಿಗೆ ಇದನ್ನೇ ಹೇಳಿದೆ: ಎರಡು ತೊಲಿ ಬಂಗಾರದಂತೆ ಇದೂ ಹುಡುಗಿಯ ಹೆಸರಿನಲ್ಲೇ ಇರುವ ಆಸ್ತಿ. ಆದರೆ ಬೀಗರ ಮನೆಯವರು ಅದನ್ನು ಪೆಟಾರಿಯೊಳಗಿಟ್ಟು ಕೀಲಿ ಹಾಕಿದರೆ ಕಿಮ್ಮತ್ತಿಲ್ಲ. ಮಾತುಕತೆಯ ದಿನವೇ ಈ ಮಾತು ಬಾಯಿಬಿಟ್ಟು ಆಗಬೇಕು.

ಎಕರೆಯ ಲೆಕ್ಕ

ಕಬ್ಬು ಎದೆಮಟ್ಟ ದಾಟಿದ ಮೇಲೆ ಬೆನ್ನಿಗೆ ಪಂಪು ಕಟ್ಟಿಕೊಂಡು ಒಳಗೆ ಹೋಗುವ ಆಳು ಸಿಗುವುದಿಲ್ಲ. ಹೋದರೂ ಗರಿ ಕೊಯ್ದು ಮೈಯೆಲ್ಲ ಗಾಯ, ಎಣ್ಣೆಯ ಘಾಟು ಬೇರೆ. ಅಲ್ಲಿ ಡ್ರೋನಿಗೆ ನಿಜವಾದ ಕೆಲಸವಿದೆ. ಹತ್ತು ಲೀಟರಿನ ಟಾಕಿಯಲ್ಲಿ ಸುಮಾರು ಒಂದು ಎಕರೆ, ಕೆಲವೇ ನಿಮಿಷದಲ್ಲಿ. ಹೆಚ್ಚಿನ ಬ್ಯಾಟರಿ ಜೊತೆಗಿದ್ದರೆ ದಿನಕ್ಕೆ 20 ಎಕರೆ ಆದೀತೆಂದು ಸರ್ಕಾರದ ಮಾರ್ಗಸೂಚಿ ಹೇಳುತ್ತದೆ.

ನಮ್ಮ ಭಾಗದಲ್ಲಿ ತುಂಡು ಹೊಲ, ನಡುವೆ ತಂತಿ, ಬದುವಿಗೆ ಗಿಡ. ಅದಕ್ಕೆ ನಾನು ದಿನಕ್ಕೆ 10 ಎಕರೆ ಹಿಡಿದೆ. ಎಕರೆಗೆ 400 ರೂಪಾಯಿ ಎಂದರೆ ದಿನಕ್ಕೆ 4,000. ಗಾಡಿ ಬಾಡಿಗೆ, ಜನರೇಟರಿನ ಪೆಟ್ರೋಲು, ಜೊತೆಗಾರನ ಪಗಾರ ಸೇರಿ 1,500 ಕಳೆಯಿರಿ. ಉಳಿದದ್ದು 2,500. ಈ ಲೆಕ್ಕದಲ್ಲಿ 1 ಲಕ್ಷ ಕೂಡಬೇಕಾದರೆ 40 ದಿನದ, ಅಂದರೆ 400 ಎಕರೆಯ ಕೆಲಸ ಬೇಕು. ಸಹಾಯಧನ ಸಿಕ್ಕ ಸಂಘ 2 ಲಕ್ಷದ ಸಾಲವನ್ನು 80 ದಿನದ ದುಡಿಮೆಯಲ್ಲಿ ತೀರಿಸಬಹುದು. ಪೂರ್ತಿ 10 ಲಕ್ಷ ಖಾಸಗಿ ಸಾಲ ಮಾಡಿ ಯಂತ್ರ ತಂದವನಿಗೆ 400 ದಿನ ಬೇಕು. ಬಡ್ಡಿ ಬೇರೆ. ಸಿಂಪಡಣೆ ವರ್ಷವಿಡೀ ನಡೆಯುವ ಕೆಲಸವಲ್ಲ. ಅಷ್ಟರಲ್ಲಿ ಬ್ಯಾಟರಿಗಳೂ ಸೋತಿರುತ್ತವೆ. ನಿಮ್ಮೂರಿನ ದರ ಬೇರೆಯಿದ್ದರೆ ಅಂಕಿ ಬದಲಿಸಿ ನೋಡಿರಿ. ಲೆಕ್ಕದ ದಾರಿ ಮಾತ್ರ ಇದೇ.

ಹಾಗಾದರೆ ಪ್ರಶ್ನೆ ಹಾರಿಸಲು ಬರುತ್ತದೋ ಇಲ್ಲವೋ ಎಂಬುದಲ್ಲ, 400 ಎಕರೆ ಯಾರ ಕೈಯಲ್ಲಿದೆ ಎಂಬುದು. ಇಚಲಕರಂಜಿಯವರಿಗೆ ಇದು ಹೊಸ ಪಾಠವಲ್ಲ. 1904ರಲ್ಲಿ ವಿಠ್ಠಲರಾವ್ ದಾತಾರ ಅವರು ಅಲ್ಲಿ ಮೊದಲ ವಿದ್ಯುತ್ ಮಗ್ಗ ಹೂಡಿದರು. ಮುಂದೆ ಮಗ್ಗ ಮನೆ ಮನೆಗೆ ಬಂತು. ಆದರೆ ಖರ್ಚಿವಾಲಾನ ಪಾಡು ನೋಡಿರಿ: ಮಗ್ಗ ಅವನದು, ಸಾಲ ಅವನದು, ನೂಲು ಮಾತ್ರ ವ್ಯಾಪಾರಿಯದು. ಮಜೂರಿ ಹೇಳುವವನೂ ನೂಲಿನ ಧಣಿಯೇ. ಕೆಲಸ ಹಿಡಿದುಕೊಡುವ ಕಂಪನಿಯ ಕೈಗೆ ಬುಕಿಂಗ್ ಬಿಟ್ಟುಕೊಟ್ಟರೆ ಡ್ರೋನ್ ದೀದಿಯೂ ಆಕಾಶದ ಖರ್ಚಿವಾಲಾ ಆದಾಳು.

ಇದಕ್ಕೆ ದಾರಿಯಿದೆ. ಸಕ್ಕರೆ ಕಾರ್ಖಾನೆಗಳ ಗಟ್ ಆಫೀಸಿನಲ್ಲಿ ಯಾವ ರೈತ ಯಾವ ದಿನ ಎಷ್ಟು ಕಬ್ಬು ನಾಟಿ ಮಾಡಿದ ಎಂಬ ನೋಂದಣಿ ಇರುತ್ತದೆ. ನಾಲ್ಕು ಊರಿನ ಬಚತ್ ಗಟ್‌ಗಳು ಕೂಡಿ ಅಲ್ಲಿಂದಲೇ ಶಿವಾರವಾರು ಕೆಲಸ ಹಿಡಿದರೆ ಒಂದೇ ದಿಕ್ಕಿನ ಹತ್ತು ಹೊಲ ಒಂದೇ ದಿನ ಮುಗಿಯುತ್ತವೆ. ಕಾರ್ಖಾನೆಯ ಸಂಚಾಲಕರು, ಸೊಸೈಟಿಯ ಅಧ್ಯಕ್ಷರು ಈ ಪುಟ ಓದುತ್ತಿದ್ದರೆ ಮುಂದಿನ ಸಭೆಯಲ್ಲಿ ಇದನ್ನು ಎತ್ತಲಿ.

ನೆರೆಯವನ ದ್ರಾಕ್ಷಿ

ಇನ್ನೊಂದು ಅಪಾಯ ಗಾಳಿಯದು. ಕಬ್ಬಿನ ಕಳೆಗೆ ಹೊಡೆಯುವ 2,4-ಡಿ ತೇಲಿಹೋಗಿ ನೆರೆಯವನ ದ್ರಾಕ್ಷಿಯ ಮೇಲೆ ಬಿದ್ದರೆ ಬಳ್ಳಿ ಮುರುಟುತ್ತದೆ. ಕೀಟನಾಶಕ ಹಿಪ್ಪುನೇರಳೆಗೆ ತಾಗಿದರೆ ರೇಷ್ಮೆ ಹುಳ ಸಾಯುತ್ತದೆ. ಡ್ರೋನಿನಿಂದ ಔಷಧ ಹೊಡೆಯುವ ಕ್ರಮವನ್ನು ಕೇಂದ್ರ ಕೃಷಿ ಇಲಾಖೆ 2021ರ ಡಿಸೆಂಬರಿನಲ್ಲೇ ಪ್ರಕಟಿಸಿದೆ. ನ್ಯಾನೋ ಬಿಟ್ಟು ಉಳಿದ ಡ್ರೋನಿಗೆ ಮೂರನೆಯವರ ವಿಮೆಯೂ ಕಡ್ಡಾಯ. ಹೊಲದ ಧಣಿ ‘ಇನ್ನೊಂದು ನಾಲ್ಕು ಎಕರೆ ಮುಗಿಸವ್ವಾ’ ಎಂದು ಒತ್ತಾಯ ಮಾಡಿದಾಗ ‘ಗಾಳಿ ಎದ್ದೈತಿ, ಇವತ್ತ ಆಗೂದಿಲ್ರಿ’ ಎನ್ನುವ ಧೈರ್ಯ ಆ ಹುಡುಗಿಗೆ ಬೇಕು. ಕನ್ನಡ ಮರಾಠಿ ಎರಡರಲ್ಲೂ ಹಾಗೆ ತಿಳಿಸಿ ಹೇಳಬಲ್ಲ ನಮ್ಮ ಗಡಿಯ ಹುಡುಗಿಗೆ ಹೊರಗಿನಿಂದ ಬಂದ ಪೈಲಟ್‌ಗಿಂತ ಒಂದು ತೂಕ ಹೆಚ್ಚು.

ಸಿಂಪಡಣೆಯೊಂದೇ ಉದ್ಯೋಗವೂ ಅಲ್ಲ. 2020ರ ಏಪ್ರಿಲಿನಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಗಾಂವಠಾಣ ಜಾಗದ ಅಳತೆ ನಡೆದದ್ದು ಡ್ರೋನಿನಿಂದ. 2019 ಮತ್ತು 2021ರಲ್ಲಿ ಪಂಚಗಂಗೆ, ಕೃಷ್ಣೆ ಉಕ್ಕಿದಾಗ ಮುಳುಗಿದ ಬೆಳೆಯ ಪಂಚನಾಮೆಗೆ ನಾವೆಷ್ಟು ಕಾದೆವು ಎಂಬುದು ನಿಮಗೆ ನೆನಪಿದ್ದೀತು. ಅಳತೆ, ನಕಾಶೆ, ಬೆಳೆಹಾನಿ ನೋಡುವ ಕೆಲಸ ಕಲಿತವರಿಗೆ ಹಂಗಾಮಿನ ಹಂಗಿಲ್ಲ.

ಅಕ್ಕನಿಗೆ ಹೇಳಿದ್ದು

ಎಂಟನೇ ದಿನ ಫೋನ್ ಮಾಡಿದೆ. “ಕಲೀಲಿ, ಆದ್ರ ರೊಕ್ಕ ಇವತ್ತ ಕಟ್ಟಬ್ಯಾಡ. ಮೊದಲ ಆ ಸಂಸ್ಥೆ ಹೆಸರು ಡಿ.ಜಿ.ಸಿ.ಎ. ಯಾದಿಯೊಳಗ ಐತೇನು ನೋಡ್ರಿ. ಯಾವ ತೂಕದ ಯಂತ್ರಕ್ಕ ಸರ್ಟಿಫಿಕೇಟ್ ಕೊಡ್ತಾರ, ಬರವಣಿಗಿಯೊಳಗ ತಗೋರಿ. ಸಾಲ ಮಾಡಿ ಡ್ರೋನ್ ಮಾತ್ರ ತರಬ್ಯಾಡ್ರಿ” ಎಂದೆ.

ಇನ್ನೊಂದು ಮಾತನ್ನೂ ಹೇಳಿದೆ. ಯೋಜನೆಯಲ್ಲಿ ಪೈಲಟ್ ಜೊತೆಗೆ ಸಂಘದ ಇನ್ನೊಬ್ಬ ಸದಸ್ಯೆಗೆ ಅಥವಾ ಸದಸ್ಯೆಯ ಮನೆಯವರಿಗೆ ರಿಪೇರಿ ಕೆಲಸದ ತರಬೇತಿಗೂ ಅವಕಾಶ ಇಟ್ಟಿದ್ದಾರೆ. ಹುಡುಗಿಯ ಅಪ್ಪ ಮಗ್ಗದ ಜಾಬರ್, ಅವ್ವ ಬಚತ್ ಗಟ್‌ನ ಸದಸ್ಯೆ. ಪಾನಾ ಹಿಡಿದೇ ಬೆಳೆದ ಮನೆ ಅದು. ಹಾರಿಸುವವರು ಹತ್ತು ಮಂದಿ ಆದರೆ ರಿಪೇರಿಗೆ ಒಬ್ಬರಾದರೂ ಬೇಕು. ಕಬನೂರಿನಲ್ಲಿ ರಿಪೇರಿ ಅಂಗಡಿ ಇದ್ದರೆ ಗಡಿಯ ಎರಡೂ ಕಡೆಯ ಗಿರಾಕಿ ಬಂದಾರು. 2025-26ರ ಅವಧಿಯ ನಂತರದ ಮಂಜೂರಿ ಹೇಗಿದೆ ಎಂದು ತಾಲೂಕಿನ ಉಮೇದ್ ಕಚೇರಿಯಲ್ಲಿ ಅವಳ ಅವ್ವನೇ ಹೋಗಿ ಕೇಳಲಿ ಎಂದೆ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಬಂಗಾರ ಮುಂದಿನ ವರ್ಷ ತಗೊಂಡ್ರಾತು. ಸೋಮವಾರ ಮೂರೂ ಮಂದಿ ಹೋಗಿ ಆ ಸಾಳಿ ನೋಡಿ ಬರ್ತೀವಿ” ಎಂದು ಫೋನ್ ಇಟ್ಟಳು.