ಸೇಡು ತೀರಿದ ಮರುದಿನ

ಗುಂಡ್ಲುಪೇಟೆಯಲ್ಲಿ ಮನೆಮಾಡಿಕೊಂಡಿರುವವರಿಗೆ ಒಂದು ವಿಶೇಷ ಭಾಗ್ಯವುಂಟು. ಅದು ಅಕಾಲದಲ್ಲಿ ಅತಿಥಿಗಳು ದೊರೆಯುವ ಭಾಗ್ಯ. ಇಲ್ಲಿಂದ ವಯನಾಡಿಗೆ ಹೋಗುವ ಹೆದ್ದಾರಿಯು ಬಂಡೀಪುರದ ಅರಣ್ಯವನ್ನು ಸೀಳಿಕೊಂಡು ಸಾಗುವುದಷ್ಟೆ. ಕಾಡಿನ ಮೃಗಗಳು ವಾಹನಗಳಿಗೆ ಸಿಕ್ಕಿ ಸಾಯುತ್ತಿದ್ದುದರಿಂದ, 2009ನೆಯ ಇಸವಿಯಿಂದ ಈ ಮಾರ್ಗದಲ್ಲಿ ರಾತ್ರಿ ಒಂಬತ್ತು ಗಂಟೆಯಿಂದ ಬೆಳಗ್ಗೆ ಆರು ಗಂಟೆಯವರೆಗೆ ಸಾಮಾನ್ಯ ಸಂಚಾರವನ್ನು ನಿಲ್ಲಿಸಿರುವರು. ಒಂಬತ್ತಕ್ಕೆ ಐದು ನಿಮಿಷ ತಡವಾಗಿ ಬಂದ ಬಂಧುವು ನಮ್ಮ ಮನೆಯ ಬಾಗಿಲನ್ನೇ ತಟ್ಟಬೇಕು.

ಹೀಗೆಯೇ ಕೆಲವು ದಿನಗಳ ಹಿಂದೆ ನನ್ನ ಸೋದರಳಿಯನೂ ಅವನ ಹದಿನಾಲ್ಕು ವರ್ಷದ ಮಗನೂ ಬಂದಿಳಿದರು. ಊಟವಾದ ಮೇಲೆ ಹುಡುಗನು ತನ್ನ ಕಂಪ್ಯೂಟರನ್ನು ತೆರೆದು, "ಅಜ್ಜ, ಒಂದು ಕುದುರೆ ಸವಾರರ ಚಿತ್ರವಿದೆ, ನೋಡೋಣ ಬನ್ನಿ" ಎಂದನು. ಜೀವಮಾನವೆಲ್ಲ ಶಬ್ದರೂಪ ಧಾತುರೂಪಗಳನ್ನು ಉರುಹಾಕಿಸಿದ ನನಗೆ ಪಿಸ್ತೂಲಿನ ಚಿತ್ರಗಳಲ್ಲಿ ಏನು ಆಸಕ್ತಿ ಎಂದು ವಾಚಕರು ಕೇಳಬಹುದು. ಆಸಕ್ತಿಯುಂಟು, ಅದನ್ನು ಮರೆಮಾಚುವ ವಯಸ್ಸು ಕಳೆಯಿತು. ನನ್ನ ಸಹಧರ್ಮಿಣಿಯೂ ಅವರೆಕಾಯಿಯ ಮೊರವನ್ನು ಮುಂದಿಟ್ಟುಕೊಂಡು ಕುಳಿತಳು.

ಚಿತ್ರವು 1968ನೆಯ ಇಸವಿಯದು, ಇಟಲಿಯವರು ತೆಗೆದುದು. ಇಂಗ್ಲಿಷಿನಲ್ಲಿ ಅದಕ್ಕೆ 'ಎ ಲಾಂಗ್ ರೈಡ್ ಫ್ರಂ ಹೆಲ್' ಎಂದು ಹೆಸರು. ಕಥೆಯು ಸರಳವಾದುದು. ಅಣ್ಣತಮ್ಮಂದಿರಿಬ್ಬರ ಮೇಲೆ ರೈಲುದರೋಡೆಯ ಸುಳ್ಳಾರೋಪವನ್ನು ಹೊರಿಸಿ ಯೂಮಾ ಎಂಬ ಸೆರೆಮನೆಗೆ ನೂಕುವರು. ಅಲ್ಲಿನ ಕ್ರೌರ್ಯಕ್ಕೆ ತಮ್ಮನು ಬಲಿಯಾಗುವನು. ಅಣ್ಣನು ಸೆರೆಯಿಂದ ಪಾರಾಗಿ, ಇದಕ್ಕೆಲ್ಲ ಕಾರಣರಾದವರನ್ನು ಹುಡುಕಿಕೊಂಡು ಹೊರಡುವನು. ಅಣ್ಣನ ಪಾತ್ರವನ್ನು ವಹಿಸಿದವನು ಸ್ಟೀವ್ ರೀವ್ಸ್. 1958ರ 'ಹರ್ಕ್ಯುಲೀಸ್' ಚಿತ್ರದಿಂದ ಜಗತ್ಪ್ರಸಿದ್ಧನಾದ ಅಂಗಸಾಧಕ. ಅವನು ನಾಯಕನಾಗಿ ನಟಿಸಿದ ಕೊನೆಯ ಚಿತ್ರವು ಇದೇ.

ಇಂತಹ ಚಿತ್ರಗಳ ಉತ್ಪತ್ತಿಯೇ ಒಂದು ಕೌತುಕ. ಅಮೆರಿಕದ ಪಶ್ಚಿಮಸೀಮೆಯ ದನಗಾಹಿಗಳ ಕಥೆಗಳನ್ನು ಅಮೆರಿಕದವರು ಹೇರಳವಾಗಿ ಹಣ ಸುರಿದು ತೆಗೆಯುತ್ತಿದ್ದರು. 1964ರಲ್ಲಿ ಸರ್ಜಿಯೋ ಲಿಯೋನೆ ಎಂಬ ಇಟಲಿಯವನು ಎರಡು ಲಕ್ಷ ಡಾಲರುಗಳ ಆಸುಪಾಸಿನ ಅಲ್ಪವೆಚ್ಚದಲ್ಲಿ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ಎಂಬುದನ್ನು ತೆಗೆದನು. ಕಥೆಯು ಜಪಾನಿನ ಕುರೋಸಾವನ 'ಯೋಜಿಂಬೋ' ಚಿತ್ರದಿಂದ ಬಂದುದು, ನೆಲ ಸ್ಪೇನಿನದು, ನಾಯಕನು ಅಂದು ಅಷ್ಟಾಗಿ ಹೆಸರಿಲ್ಲದಿದ್ದ ಕ್ಲಿಂಟ್ ಈಸ್ಟ್‌ವುಡ್. ಇಟಲಿಯವರು ತೆಗೆದುದೆಂದು ತಿಳಿದರೆ ಜನರು ಬಾರರೆಂಬ ಭಯದಿಂದ ನಿರ್ದೇಶಕನು ತನ್ನ ಹೆಸರನ್ನೇ 'ಬಾಬ್ ರಾಬರ್ಟ್‌ಸನ್' ಎಂದು ಬದಲಿಸಿಕೊಂಡನು. ಆ ಚಿತ್ರವು ಗೆದ್ದುದೇ ತಡ, ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ನೂರುಗಟ್ಟಲೆ ಚಿತ್ರಗಳು ಹೊರಬಂದುವು. ಸ್ಪೇನಿನ ಆಲ್ಮೇರಿಯಾ ಸೀಮೆಯ ಬೆಂಗಾಡೇ ಅರಿಜೋನವಾಯಿತು, ಟೆಕ್ಸಾಸೂ ಆಯಿತು. ಒಂದು ಚಿತ್ರಕ್ಕೆ ಕಟ್ಟಿದ ಮರದ ಬೀದಿಯು ಇನ್ನೊಂದಕ್ಕೂ ಒದಗಿತು. ನಟರು ತಂತಮ್ಮ ಭಾಷೆಯಲ್ಲಿ ನುಡಿಯುವರು. ಕಂಠವನ್ನು ಆಮೇಲೆ ಸೇರಿಸುವರು. ಬಡವನ ಮನೆಯ ಮದುವೆಯಂತೆ, ಎರವಲು ಪಾತ್ರೆಯಲ್ಲಿಯೇ ಎಲ್ಲರಿಗೂ ಊಟವಾಯಿತು.

ಇವುಗಳಲ್ಲಿ ಬಹುಪಾಲು ಕಥೆಗಳಿಗೆ ಮೂಲದ್ರವ್ಯವು ಒಂದೇ: ಸೇಡು. ತಂದೆಯನ್ನು ಕೊಂದವರು, ಹೆಂಡತಿಯನ್ನು ಕೊಂದವರು, ಒಡಹುಟ್ಟಿದವರನ್ನು ಕೊಂದವರು. ಅದಕ್ಕೆ ಕಾರಣವೂ ಅಗ್ಗದ್ದೇ ಎಂದು ನನಗೆ ತೋರುವುದು. ಸೇಡಿಗೆ ಪೀಠಿಕೆ ಬೇಡ, ಭಾಷಾಂತರ ಬೇಡ. ತಮ್ಮನ ಹೆಣದ ಮುಂದೆ ಮೊಣಕಾಲೂರಿದವನನ್ನು ತೋರಿಸಿದರೆ ಸಾಕು, ರೋಮಾಪುರದವನಿಗೂ ರಾಘವಾಪುರದವನಿಗೂ ಒಂದೇ ಕ್ಷಣದಲ್ಲಿ ಅರ್ಥವಾಗುವುದು. ನಾವು ನೋಡಿದ ಚಿತ್ರಕ್ಕೆ ಇಟಲಿಯ ಭಾಷೆಯಲ್ಲಿಟ್ಟ ಹೆಸರಿನ ಅರ್ಥ 'ನಿನ್ನ ಸಾವಿಗಾಗಿ ಬದುಕಿದ್ದೇನೆ' ಎಂದು. ಸೇಡಿಗೆ ಇದಕ್ಕಿಂತ ಸಂಕ್ಷಿಪ್ತವಾದ ಲಕ್ಷಣವನ್ನು ಯಾವ ಶಾಸ್ತ್ರಕಾರನೂ ಹೇಳಲಾರನು.

ಕಡೆಯ ಗುಂಡು ಹಾರಿತು. ಹುಡುಗನು ಚಪ್ಪಾಳೆ ತಟ್ಟಿದನು. ನನ್ನ ಕೈಗಳೂ ಒಂದನ್ನೊಂದು ಸಮೀಪಿಸುತ್ತಿದ್ದುವೆಂಬುದನ್ನು ಒಪ್ಪಿಕೊಳ್ಳಬೇಕು. ಆಗ ಮೊರದ ಕಡೆಯಿಂದ ಒಂದು ಪ್ರಶ್ನೆ ಬಂದಿತು: "ಆಯಿತಲ್ಲ. ಇನ್ನು ನಾಳೆ ಬೆಳಗ್ಗೆ ಎದ್ದು ಅವನು ಏನು ಮಾಡುತ್ತಾನೆ?"

ಹುಡುಗನು ನನ್ನ ಮುಖವನ್ನು ನೋಡಿದನು. ನಾನು ಸೋದರಳಿಯನ ಮುಖವನ್ನು ನೋಡಿದೆನು.

ಚಲಚ್ಚಿತ್ರಗಳ ವಿಷಯದಲ್ಲಿ ಪರಿಶ್ರಮವಿರುವ ಸೋದರಳಿಯನು ಸ್ವಲ್ಪ ಹೊತ್ತು ಯೋಚಿಸಿ ಹೇಳಿದುದಿದು. ಅದೇ 1968ರಲ್ಲಿ ಅದೇ ಲಿಯೋನೆಯು 'ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್' ಎಂಬ ದೊಡ್ಡ ಚಿತ್ರವನ್ನು ತೆಗೆದನು. ಅದು ಅಗ್ಗದ್ದಲ್ಲ, ಆದರೆ ಅಲ್ಲಿಯೂ ಅಣ್ಣನ ಕೊಲೆಯ ಸೇಡೇ. ದುಷ್ಟನು ಅಣ್ಣನ ಕೊರಳಿಗೆ ಉರುಲು ಹಾಕಿ, ಬಾಲಕನಾದ ತಮ್ಮನ ಹೆಗಲಿನ ಮೇಲೆ ಅವನನ್ನು ನಿಲ್ಲಿಸಿ, ಬಾಲಕನ ಬಾಯಿಗೆ ಒಂದು ಮೌತ್ ಆರ್ಗನನ್ನು ತುರುಕುವನು. ತಮ್ಮನು ಕುಸಿದರೆ ಅಣ್ಣನ ಮರಣ. ವರ್ಷಗಳು ಕಳೆದ ಮೇಲೆ ತಮ್ಮನು ಆ ದುಷ್ಟನನ್ನು ಕೊಂದು, ಅದೇ ವಾದ್ಯವನ್ನು ಅವನ ಬಾಯಿಗಿಟ್ಟು, ಕುದುರೆಯೇರಿ ಹೊರಟುಹೋಗುವನು. ಅವನು ಹೋಗುವುದೆಲ್ಲಿಗೆ? ಚಿತ್ರವು ಹೇಳುವುದಿಲ್ಲ. ಆದರೆ ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ರೈಲುದಾರಿ ಹಾಕುತ್ತಿರುವ ಕೂಲಿಗಳಿಗೆ ನೀರನ್ನು ಹೊತ್ತು ತರುವುದರೊಂದಿಗೆ ಕಥೆಯು ಮುಗಿಯುವುದು. "ಅತ್ತೆ, ನಾಳೆ ಬೆಳಗ್ಗೆಯ ಕೆಲಸವನ್ನು ಅವಳೊಬ್ಬಳೇ ಮಾಡುವಳು" ಎಂದನು. ನನ್ನಾಕೆಯು "ಹಾಗೆನ್ನು" ಎಂದು ಅವರೆಕಾಯನ್ನು ಸುಲಿಯುವುದನ್ನು ಮುಂದುವರಿಸಿದಳು.

ಈ ಇಟಲಿಯ ಬೀಜವು ನಮ್ಮ ಕನ್ನಡನಾಡಿನ ಬಂಡೆಗಳ ನಡುವೆಯೂ ಮೊಳೆತುದನ್ನು ವಾಚಕರು ಬಲ್ಲರು. 1973ರ ಅಕ್ಟೋಬರಿನಲ್ಲಿ ರಮೇಶ್ ಸಿಪ್ಪಿಯವರು ರಾಮನಗರದ ಬೆಟ್ಟದ ತಪ್ಪಲಲ್ಲಿ ಒಂದು ಹಳ್ಳಿಯನ್ನೇ ಕಟ್ಟಿಸಿ 'ಶೋಲೆ' ಚಿತ್ರವನ್ನು ಆರಂಭಿಸಿದರು. ಸ್ಪೇನಿನ ಬೆಂಗಾಡು ಅರಿಜೋನವಾದಂತೆ ನಮ್ಮ ರಾಮದೇವರಬೆಟ್ಟವು ಚಂಬಲ್ ಕಣಿವೆಯಂತಹ ದರೋಡೆಕೋರರ ಸೀಮೆಯಾಯಿತು. 1975ರ ಆಗಸ್ಟ್ 15ರಂದು ಹೊರಬಂದ ಆ ಚಿತ್ರದಲ್ಲಿ ಠಾಕೂರನ ಮನೆಮಂದಿಯನ್ನು ಕೊಲ್ಲುವ ದೃಶ್ಯಕ್ಕೂ ಲಿಯೋನೆಯ ಚಿತ್ರದ ಒಂದು ದೃಶ್ಯಕ್ಕೂ ಇರುವ ಸಾಮ್ಯವನ್ನು ಬಲ್ಲವರು ಎತ್ತಿ ತೋರಿಸಿರುವರು.

ಅದಕ್ಕಿಂತ ಸ್ವಾರಸ್ಯವಾದ ಸಂಗತಿ ಬೇರೊಂದುಂಟು. 'ಶೋಲೆ'ಗೆ ಎರಡು ಮುಕ್ತಾಯಗಳು. ಮೊದಲು ಚಿತ್ರಿಸಿದುದರಲ್ಲಿ, ಕೈಗಳನ್ನು ಕಳೆದುಕೊಂಡ ಠಾಕೂರನು ಮೊಳೆ ಹೊಡೆದ ಪಾದರಕ್ಷೆಯಿಂದಲೇ ಗಬ್ಬರ್ ಸಿಂಗನನ್ನು ತುಳಿದು ಕೊಲ್ಲುವನು. ಅದು ತುರ್ತುಪರಿಸ್ಥಿತಿಯ ಕಾಲ. ಹಿಂದೆ ಪೊಲೀಸು ಅಧಿಕಾರಿಯಾಗಿದ್ದವನೇ ಕಾನೂನನ್ನು ಕೈಗೆತ್ತಿಕೊಳ್ಳುವುದು ಸಲ್ಲದೆಂದು ಸೆನ್ಸಾರಿನವರು ಆಕ್ಷೇಪಿಸಿದರು. ಆದುದರಿಂದ ಕಡೆಯ ಗಳಿಗೆಯಲ್ಲಿ ಪೊಲೀಸರು ಬಂದು ಗಬ್ಬರನನ್ನು ಹಿಡಿದೊಯ್ಯುವಂತೆ ಪುನಃ ಚಿತ್ರಿಸಿದರು. ಐವತ್ತು ವರ್ಷ ನಾವೆಲ್ಲರೂ ನೋಡಿದುದು ಇದನ್ನೇ. 2025ರಲ್ಲಿ ಮೊದಲಿನ ಮುಕ್ತಾಯವನ್ನು ಜೀರ್ಣೋದ್ಧಾರಮಾಡಿ ಪ್ರದರ್ಶಿಸಿದರು; ಮೊದಲ ಪ್ರದರ್ಶನವು ನಡೆದುದು ಇಟಲಿಯ ಬೊಲೋನ್ಯಾ ನಗರದಲ್ಲಿ! ಬೀಜವು ತವರಿಗೆ ಹಣ್ಣಾಗಿ ಹಿಂದಿರುಗಿತೆನ್ನಬಹುದು.

"ಅಜ್ಜ, ನಿಮಗೆ ಯಾವ ಮುಕ್ತಾಯ ಇಷ್ಟ?" ಎಂದು ಹುಡುಗನು ಕೇಳಿದನು. ಉತ್ತರವನ್ನು ಬೆಳಗ್ಗೆ ಹೇಳುವೆನೆಂದು ದೀಪವಾರಿಸಿದೆನು. ನಿದ್ರೆ ಬರಲಿಲ್ಲ.

ಸಂಸ್ಕೃತದಲ್ಲಿ ಸೇಡಿಗೆ 'ಪ್ರತೀಕಾರ'ವೆನ್ನುವರು. ರೋಗಕ್ಕೆ ಮಾಡುವ ಚಿಕಿತ್ಸೆಗೂ ಅದೇ ಶಬ್ದ. ಸೇಡು ಔಷಧವೆಂದೇ ಮನುಷ್ಯನು ಎಂದಿನಿಂದಲೋ ನಂಬಿರುವನು. ನಮ್ಮ ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನನು ರಣರಂಗದಲ್ಲಿ ತಮ್ಮನಾದ ದುಶ್ಶಾಸನನ ಹೆಣವನ್ನು ಕಂಡು ಗೋಳಿಡುವನು. ಸಂಧಿಯ ಮಾತನ್ನು ಅವನು ತಳ್ಳಿಹಾಕುವುದಕ್ಕೆ ಆ ದುಃಖವೂ ಒಂದು ಕಾರಣ. ಅವನು ದುಷ್ಟನೆಂದು ಬಲ್ಲೆವು. ಆದರೂ ಆ ಸ್ಥಳದಲ್ಲಿ ಕಣ್ಣು ಒದ್ದೆಯಾಗದವನು ಕಾವ್ಯವನ್ನು ಓದಲಿಲ್ಲವೆಂದೇ ಹೇಳಬೇಕು. ಭಾಗವತದಲ್ಲಾದರೋ, ಮಕ್ಕಳನ್ನು ಕೊಂದ ಅಶ್ವತ್ಥಾಮನನ್ನು ಅರ್ಜುನನು ಕಟ್ಟಿ ತಂದಾಗ, ಬಿಟ್ಟುಬಿಡಿರೆಂದವಳು ದ್ರೌಪದಿ. ತನ್ನಂತೆ ಅವನ ತಾಯಿಯೂ ಅಳಬಾರದೆಂಬುದು ಅವಳ ವಾದ. ನಾಳೆ ಬೆಳಗ್ಗೆಯನ್ನು ಎಣಿಸಿದವಳು ಅಲ್ಲಿಯೂ ಹೆಂಗಸೇ.

ಪುರಾಣವು ದೂರವೆನ್ನುವವರಿಗೆ ನಮ್ಮ ಚಾಮರಾಜನಗರ ಜಿಲ್ಲೆಯ ಕಥೆಯೇ ಇದೆ. ವೀರಪ್ಪನನ್ನು ಕುರಿತು 2013ರಲ್ಲಿ 'ಅಟ್ಟಹಾಸ', 2016ರಲ್ಲಿ 'ಕಿಲ್ಲಿಂಗ್ ವೀರಪ್ಪನ್' ಎಂಬ ಚಿತ್ರಗಳು ಬಂದುವು. ಆದರೆ ಈ ಸೀಮೆಯವರ ಮನಸ್ಸಿನಲ್ಲಿ ನಿಂತಿರುವ ಹೆಸರು ಪಿ. ಶ್ರೀನಿವಾಸ್ ಎಂಬ ಅರಣ್ಯಾಧಿಕಾರಿಯದು. ಅವರು ವೀರಪ್ಪನ ಹುಟ್ಟೂರಾದ ಗೋಪಿನಾಥಂನಲ್ಲಿಯೇ ನೆಲೆಸಿ, ಹಳ್ಳಿಗರಿಗೆ ಔಷಧೋಪಚಾರದ ಏರ್ಪಾಡನ್ನು ಮಾಡಿ, ಮಾರಿಯಮ್ಮನ ಗುಡಿಯನ್ನು ಕಟ್ಟಿಸಿಕೊಟ್ಟು, ದಾರಿತಪ್ಪಿದವರನ್ನು ಊರಿಗೆ ಮರಳಿಸಲು ಯತ್ನಿಸಿದರು. ತನ್ನ ತಂಗಿಯ ಆತ್ಮಹತ್ಯೆಗೆ ಇವರೇ ಕಾರಣರೆಂಬುದು ವೀರಪ್ಪನ ದ್ವೇಷ. 1991ರ ನವೆಂಬರ್ 10ರಂದು, ಶರಣಾಗುವೆನೆಂಬ ಮಾತನ್ನು ನಂಬಿ ಆಯುಧವಿಲ್ಲದೆ ಕಾಡಿಗೆ ನಡೆದ ಅವರನ್ನು ಅವನು ಕೊಂದನು. ಸರ್ಕಾರವು ಅವರಿಗೆ ಮರಣೋತ್ತರವಾಗಿ ಕೀರ್ತಿಚಕ್ರವನ್ನಿತ್ತಿತು.

ಅವನ ಪಾಲಿಗೆ ಅದು ಚಿತ್ರದ ಕಡೆಯ ಗುಂಡು. ಆದರೆ ಮರುದಿನ ಬೆಳಗಾಯಿತು. 1992ರ ಆಗಸ್ಟಿನಲ್ಲಿ ಮೀಣ್ಯದ ಬಳಿ ಪೊಲೀಸರ ಮೇಲೆ ಹೊಂಚುದಾಳಿ. 1993ರ ಏಪ್ರಿಲಿನಲ್ಲಿ ಪಾಲಾರ್ ಬಳಿಯ ನೆಲಬಾಂಬಿಗೆ 22 ಮಂದಿಯ ಬಲಿ. ಅವನನ್ನು ಹುಡುಕುವ ಭರದಲ್ಲಿ ಕಾಡಂಚಿನ ನಿರಪರಾಧಿಗಳಾದ ಗಂಡಸರೂ ಹೆಂಗಸರೂ ಪಟ್ಟ ಪಾಡು. ಆ ಪಾಡನ್ನು ಕೇಳಲು ನ್ಯಾಯಮೂರ್ತಿ ಸದಾಶಿವರ ಸಮಿತಿಯೇ ಕೂರಬೇಕಾಯಿತು. 2004ರ ಅಕ್ಟೋಬರ್ 18ರಂದು ಅವನು ಗುಂಡಿಗೆ ಬಿದ್ದನು. ಒಂದು ಸೇಡಿನ ಮರುದಿನವು ಹದಿಮೂರು ವರ್ಷ ನಡೆಯಿತು.

ಇಷ್ಟನ್ನು ಬರೆದು ನಿಲ್ಲಿಸಿದರೆ ನಾನು ಪರೋಪದೇಶ ಪಂಡಿತನಾದೇನು. ಆದುದರಿಂದ ನನ್ನ ಮನೆಯದನ್ನೂ ಹೇಳಿಬಿಡುವೆನು.

1989ರಲ್ಲಿ ನನ್ನ ತಮ್ಮನು ಸೈಕಲ್ಲಿನಲ್ಲಿ ಮನೆಗೆ ಬರುತ್ತಿದ್ದಾಗ ಲಾರಿಯೊಂದು ಹೊಡೆದು ಸತ್ತನು. ಚಾಲಕನು ಕುಡಿದಿದ್ದನೆಂದು ನೋಡಿದವರು ಊರಿನಲ್ಲಿ ಆಡಿಕೊಂಡರೇ ವಿನಾ ನ್ಯಾಯಾಲಯದಲ್ಲಿ ಯಾರೂ ನುಡಿಯಲಿಲ್ಲ. ಅವನಿಗೆ ಬಿಡುಗಡೆಯಾಯಿತು. ನಾನು ಆಗ ಹೊಸದಾಗಿ ಉಪಾಧ್ಯಾಯನಾಗಿದ್ದೆನು. ಐದು ವರ್ಷಗಳ ಮೇಲೆ, ವರ್ಗವಾಗಿ ಹೋದ ಹಳ್ಳಿಯ ಶಾಲೆಯಲ್ಲಿ ಹಾಜರಿ ಕೂಗುತ್ತಿರುವಾಗ ಒಂದು ಹೆಸರಿನ ಮುಂದೆ ತಂದೆಯ ಹೆಸರನ್ನು ಕಂಡೆನು. ಅದು ಆ ಚಾಲಕನ ಹೆಸರು.

ಆ ಹುಡುಗನನ್ನು ಮೂರು ತಿಂಗಳು ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಒಂದು ದಿನ ನಾಲ್ವರು ಹುಡುಗರು ಷಷ್ಠೀ ವಿಭಕ್ತಿಯನ್ನು ತಪ್ಪಾಗಿ ಹೇಳಿದರು. ಮೂವರನ್ನು ಗದರಿಸಿ ಕೂರಿಸಿದೆನು. ಅವನೊಬ್ಬನ ಅಂಗೈಯ ಮೇಲೆ ಬೆತ್ತದಿಂದ ಆರು ಏಟು ಹೊಡೆದೆನು. ಆರನೆಯ ಏಟಿನ ಹೊತ್ತಿಗೆ ನನ್ನ ಕೈ ನಡುಗುತ್ತಿತ್ತು. ಅದು ಕೋಪದಿಂದಲ್ಲ, ಒಂದು ಬಗೆಯ ಸಂತೋಷದಿಂದ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುವುದು.

ಮರುದಿನ ಬೆಳಗ್ಗೆ ಅವನು ಶಾಲೆಗೆ ಬಂದನು. ಅಂಗೈಗೆ ಅವನ ತಾಯಿ ಅರಿಸಿನವನ್ನು ಹಚ್ಚಿದ್ದಳು. ಎಂದಿನಂತೆ "ನಮಸ್ಕಾರ ಸಾರ್" ಎಂದು ಎಡಗೈಯನ್ನೂ ಆ ಊದಿದ ಬಲಗೈಯನ್ನೂ ಜೋಡಿಸಿದನು. ನನ್ನ ತಮ್ಮನು ಎದ್ದು ಬಂದಿರಲಿಲ್ಲ. ಚಾಲಕನಿಗೆ ಏನೂ ತಿಳಿದಿರಲಿಲ್ಲ. ಲೋಕದಲ್ಲಿ ಹೊಸದಾಗಿ ಸೇರಿದುದು ಒಂದು ಊದಿದ ಕೈ ಮಾತ್ರ. "ನಿನ್ನೆ ತಪ್ಪು ನನ್ನದಪ್ಪ" ಎಂದಷ್ಟೆ ಹೇಳಿದೆನು. ಕಾರಣವನ್ನು ಹೇಳುವ ಧೈರ್ಯ ಬರಲಿಲ್ಲ. ಏಳನೆಯ ತರಗತಿ ಮುಗಿಸಿ ಅವನು ಹೊರಟುಹೋದನು. ಆ ಸಾಲವು ನನ್ನ ಲೆಕ್ಕದಲ್ಲಿ ಹಾಗೆಯೇ ಉಳಿದಿದೆ.

ಬೆಳಗ್ಗೆ ಕಾಫಿಯಾದ ಮೇಲೆ ಹುಡುಗನಿಗೆ ಉತ್ತರವನ್ನು ಹೇಳಿದೆನು: "ನೋಡುವುದಕ್ಕೆ ಮೊದಲಿನ ಮುಕ್ತಾಯ ಚೆನ್ನ. ಬಾಳುವುದಕ್ಕೆ ಎರಡನೆಯದು." ಪೊಲೀಸರೂ ನ್ಯಾಯಾಲಯಗಳೂ ತಪ್ಪುವುದುಂಟು, ನನ್ನ ತಮ್ಮನ ವಿಷಯದಲ್ಲಿ ತಪ್ಪಿದರೆಂದೇ ನಾನು ತಿಳಿದಿರುವೆನು. ಆದರೂ ತಪ್ಪಿದ ನ್ಯಾಯವನ್ನು ಬೆತ್ತದಿಂದ ತಿದ್ದಲು ಹೋದವನ ಅನುಭವವಿದು. ಅವನು ಎಷ್ಟನ್ನು ಗ್ರಹಿಸಿದನೋ ತಿಳಿಯದು. "ಆಗಲಿ ಅಜ್ಜ" ಎಂದು ಕಾರನ್ನೇರಿದನು. ಆರು ಗಂಟೆ ಹೊಡೆದಿತ್ತು, ಕಾಡಿನ ದಾರಿಯು ತೆರೆದಿತ್ತು.

ಇಂತಹ ಚಿತ್ರಗಳನ್ನು ಮಕ್ಕಳಿಗೆ ತೋರಿಸಬಾರದೆಂದು ನಾನು ಹೇಳೆನು. ಬೇಡವೆಂದುದನ್ನು ಅವರು ಹೇಗೂ ನೋಡುವರು. ಅದೂ ಅಲ್ಲದೆ ಒಡಹುಟ್ಟಿದವನಿಗಾಗಿ ಕುದಿಯುವ ಪ್ರೀತಿಯು ಹೀನವಾದುದಲ್ಲ. ತಂದೆತಾಯಿಗಳು ಜೊತೆಯಲ್ಲಿ ಕುಳಿತು ನೋಡಲಿ. ಕಡೆಯ ಗುಂಡು ಹಾರಿದ ಮೇಲೆ, ಅವರೆಕಾಯಿಯ ಮೊರದ ಮುಂದೆ ಕುಳಿತ ನನ್ನಾಕೆಯ ಪ್ರಶ್ನೆಯನ್ನು ಒಮ್ಮೆ ಕೇಳಲಿ.