ಕಿತ್ತಳೆ ಹರಳು ಮತ್ತು ಕಪ್ಪು ಕಲ್ಲು

ರಾಸಾಯನಿಕ ಕ್ರಿಯೆಯ ಪಾಠ ಆರಂಭಿಸುವ ದಿನ ನಾನು ಮೇಜಿನ ಮೇಲೆ ಜ್ವಾಲಾಮುಖಿ ಎಬ್ಬಿಸುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಕಲ್ನಾರಿನ ಬಲೆಯ ಮೇಲೆ ಅಮೋನಿಯಂ ಡೈಕ್ರೋಮೇಟಿನ ಕಿತ್ತಳೆ ಹರಳುಗಳ ಪುಟ್ಟ ಗುಡ್ಡೆ. ಅದಕ್ಕೆ ಬೆಂಕಿ ತಾಗಿಸಿದರೆ ಕಿಡಿ ಕಾರುತ್ತ ಹಸಿರು ಬೂದಿ ಉಕ್ಕುತ್ತಿತ್ತು. ಮುಂದಿನ ಬೆಂಚಿನವರು ಎದ್ದು ಬಾಗಿ ನೋಡುತ್ತಿದ್ದರು. ಅದನ್ನು ಆಸಕ್ತಿಯ ಲಕ್ಷಣವೆಂದು ಬಗೆದು ನಾನು ಸಂತೋಷಪಡುತ್ತಿದ್ದೆ. ಆ ಬೂದಿಯೊಡನೆ ಉರಿಯದೆ ಉಳಿದ ಡೈಕ್ರೋಮೇಟಿನ ಪುಡಿಯೂ ಹಾರುತ್ತದೆ ಎಂಬುದನ್ನು ಬಿ.ಎಡ್. ತರಗತಿಯಲ್ಲಿ ನನಗೆ ಯಾರೂ ಹೇಳಿರಲಿಲ್ಲ. ನಾನಾಗಿ ತಿಳಿದುಕೊಳ್ಳುವ ಗೋಜಿಗೂ ಹೋಗಿರಲಿಲ್ಲ.

ಇದೇ ಕ್ರೋಮಿಯಂ ನಮ್ಮ ಜಿಲ್ಲೆಯ ನೆಲದಲ್ಲೇ ಇದೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಪ್ರವಾಸ ಹೋದಾಗ ಲಕ್ಷ್ಮೀನರಸಿಂಹ ದೇವಾಲಯವನ್ನು ತೋರಿಸಿ, 1246ರ ಹೊಯ್ಸಳ ಕೆಲಸವೆಂದು ವಿವರಿಸಿ, ಅಲ್ಲಿಂದ ಬೈರಾಪುರದ ಕಡೆಗೆ ಮಕ್ಕಳನ್ನು ಕರೆದೊಯ್ದದ್ದುಂಟು. ಆ ಭಾಗದ ಬೈರಾಪುರ, ತಗಡೂರು, ಜಂಬೂರುಗಳ ನೆಲದಡಿ ಕ್ರೋಮೈಟ್ ಅದಿರಿದೆ. ಮೈಸೂರು ಮಿನರಲ್ಸ್ ಸಂಸ್ಥೆ ಬೈರಾಪುರದಲ್ಲಿ ಬಹುಕಾಲ ಗಣಿ ನಡೆಸಿತು. ಕಪ್ಪಗೆ ಮಿನುಗುವ, ಕೈಗೆ ಭಾರವಾದ ಆ ಕಲ್ಲನ್ನು ಒಬ್ಬೊಬ್ಬರೂ ಜೇಬಿಗೆ ಹಾಕಿಕೊಂಡು ಬಂದರು. ನನ್ನ ಕಪಾಟಿನಲ್ಲಿ ಇಂದಿಗೂ ಒಂದಿದೆ.

ಕಪ್ಪು ಕಲ್ಲನ್ನು ಕೈಯಲ್ಲಿ ಹಿಡಿದರೆ ಭಯವಿಲ್ಲ. ಅದರೊಳಗಿನ ಕ್ರೋಮಿಯಂ ಮೂರು ವೇಲೆನ್ಸಿಯದು. ನೀರಿನಲ್ಲಿ ಹೆಚ್ಚುಕಡಿಮೆ ಕರಗದು. ಕಿತ್ತಳೆ ಹರಳಿನದು ಆರು ವೇಲೆನ್ಸಿಯದು. ಅದು ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಅದರ ಅಯಾನಿಗೆ ಋಣ ವಿದ್ಯುದಂಶವಿರುವುದರಿಂದ ಜೇಡಿಮಣ್ಣು ಅದನ್ನು ಹಿಡಿದಿಡಲಾರದು; ನೀರು ಹರಿದತ್ತ ಅದೂ ಹರಿಯುತ್ತದೆ. ದೇಹದೊಳಗೆ ಹೋದರೆ ಆಕಾರದಲ್ಲಿ ಸಲ್ಫೇಟನ್ನು ಹೋಲುವುದರಿಂದ ಜೀವಕೋಶವು ತನ್ನವನೆಂದೇ ಬಾಗಿಲು ತೆರೆಯುತ್ತದೆ. ಉಸಿರಿನೊಡನೆ ಹೊಕ್ಕ ಆರು ವೇಲೆನ್ಸಿಯ ಕ್ರೋಮಿಯಂ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ನಿಸ್ಸಂದೇಹವಾಗಿ ಹೇಳಿದೆ. ಹೆಸರು ಒಂದೇ ಆದರೂ ಗುಣ ಬೇರೆ. ಆದ್ದರಿಂದ 'ಕ್ರೋಮಿಯಂ ಇದೆಯೇ' ಎಂದು ಕೇಳಿದರೆ ಸಾಲದು. ಯಾವ ರೂಪದಲ್ಲಿ, ಎಷ್ಟು, ಯಾವ ದಾರಿಯಲ್ಲಿ ದೇಹ ಸೇರುತ್ತದೆ ಎಂದು ಕೇಳಬೇಕು.

ಇನ್ನೊಂದು ತೊಡಕಿದೆ. ಮಣ್ಣಿನಲ್ಲಿ ಮ್ಯಾಂಗನೀಸ್ ಆಕ್ಸೈಡ್ ಇದ್ದರೆ ಮೂರು ವೇಲೆನ್ಸಿಯದು ನಿಧಾನವಾಗಿ ಆರಕ್ಕೆ ತಿರುಗಬಲ್ಲುದು. ಸಾವಯವ ಅಂಶ ಹೆಚ್ಚಿದ್ದರೆ ಆರು ಮರಳಿ ಮೂರಾಗುತ್ತದೆ. (ನಮ್ಮ ತಿಪ್ಪೆಗೊಬ್ಬರಕ್ಕೆ ಈ ಪುಣ್ಯವೂ ಇದೆ!) ಗಣಿಯಿಂದ ಮೇಲೆತ್ತಿ ರಾಶಿ ಹಾಕಿದ ಪುಡಿಗಲ್ಲಿಗೆ ಗಾಳಿ, ಮಳೆ ತಾಗುವ ಮೈ ಹೆಚ್ಚು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ನುಗ್ಗೇಹಳ್ಳಿಯ ಕ್ರೋಮೈಟ್ ಗಣಿಗಳ ಸುತ್ತಲಿನ ಮಣ್ಣನ್ನು ಪರೀಕ್ಷಿಸಿ 2013ರಲ್ಲಿ ಪ್ರಬಂಧ ಪ್ರಕಟಿಸಿದರು. ಅಲ್ಲಿ ಕ್ರೋಮಿಯಂ, ನಿಕ್ಕೆಲ್‌ಗಳು ಅಧಿಕವಾಗಿವೆ. ಆದರೆ ಆ ಶಿಲೆಯ ಮಣ್ಣಿನಲ್ಲಿ ಗಣಿಯಿಲ್ಲದಿದ್ದರೂ ಇವು ಸ್ವಲ್ಪ ಹೆಚ್ಚೇ ಇರುತ್ತವೆ. ಎಲ್ಲ ಪಾಪವನ್ನೂ ಗಣಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಎಲ್ಲವೂ ಪ್ರಕೃತಿದತ್ತವೆಂದು ಕೈತೊಳೆದುಕೊಳ್ಳುವುದಂತೂ ಇನ್ನೂ ಅನ್ಯಾಯ.

ಗಾಬರಿ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ತಮಿಳುನಾಡಿನ ರಾಣಿಪೇಟೆಯಲ್ಲಿ ಅದಿರನ್ನು ಸೋಡಾದೊಡನೆ ಹುರಿದು ಕ್ರೋಮೇಟ್ ತಯಾರಿಸುತ್ತಿದ್ದ ಕಾರ್ಖಾನೆ 1990ರ ದಶಕದಲ್ಲಿ ಮುಚ್ಚಿಹೋಯಿತು. ಲಕ್ಷ ಟನ್ನಿಗೂ ಮೀರಿದ ತ್ಯಾಜ್ಯವನ್ನು ಬಿಟ್ಟು ಹೋಯಿತು. ಅದು ಆರು ವೇಲೆನ್ಸಿಯ ರಾಶಿ. ಒಡಿಶಾದ ಸುಕಿಂದಾ ಕಣಿವೆಯು 2007ರಲ್ಲಿ ಜಗತ್ತಿನ ಹತ್ತು ಅತಿ ಮಲಿನ ಸ್ಥಳಗಳ ಪಟ್ಟಿಗೆ ಸೇರಿತು. ಬೈರಾಪುರವನ್ನು ಅವುಗಳ ಸಾಲಿಗೆ ಸೇರಿಸುವುದು ತಪ್ಪು. ಅವುಗಳಂತಲ್ಲ ಎಂದ ಮಾತ್ರಕ್ಕೆ ನೀರನ್ನು ಅಳೆಯದೆ ಬಿಡುವುದೂ ತಪ್ಪು.

ಈಗ ನನ್ನ ಸ್ವಂತ ಲೆಕ್ಕ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ (ಊರಿನ ಹೆಸರು ಬೇಡ) ಗಾಜಿನ ಸಾಮಾನು ತೊಳೆಯಲು ಪೊಟ್ಯಾಸಿಯಂ ಡೈಕ್ರೋಮೇಟನ್ನು ಗಂಧಕಾಮ್ಲದಲ್ಲಿ ಕರಗಿಸಿ ಇಡುತ್ತಿದ್ದೆ. ಬಳಸಿದ ಮೇಲೆ ಪ್ರಯೋಗಶಾಲೆಯ ಹಿಂದಿನ ಗುಂಡಿಗೆ ಸುರಿಯುವುದು ವಾಡಿಕೆ. ಹನ್ನೊಂದು ವರ್ಷ ಸುರಿದೆ. ಫೆರಸ್ ಸಲ್ಫೇಟ್ ಹಾಕಿದರೆ ಕಿತ್ತಳೆ ಹಸಿರಾಗಿ, ಆರು ಮೂರಾಗುತ್ತದೆಂಬುದನ್ನು ಕಪ್ಪು ಹಲಗೆಯ ಮೇಲೆ ಸಮೀಕರಣ ಸಮೇತ ಬರೆದವನೂ ನಾನೇ. ಫೆರಸ್ ಸಲ್ಫೇಟಿನ ಸೀಸೆ ಅದೇ ಕಪಾಟಿನಲ್ಲಿತ್ತು. ನನ್ನ ವರ್ಗಾವಣೆಯ ನಂತರ ಆ ಗುಂಡಿಗೆ ನಾಲ್ಕು ಮಾರು ದೂರದಲ್ಲಿ ಕೊಳವೆಬಾವಿ ಕೊರೆದರು.

ಕಳೆದ ವರ್ಷ ಅಲ್ಲಿಗೆ ಹೋದಾಗ ಈ ಸಂಗತಿಯನ್ನು ಸಂಕೋಚದಿಂದಲೇ ತೋಡಿಕೊಂಡೆ. ಈಗ ಅಲ್ಲಿ ಹಿರಿಯನಾಗಿರುವ ಹಳೆಯ ಶಿಷ್ಯನೊಬ್ಬ ನಕ್ಕು, "ಸಾರ್, ನಾವೆಲ್ಲ ಆ ನೀರು ಕುಡಿದೇ ಬೆಳೆದವರು, ನೋಡಿ ಗಟ್ಟಿಮುಟ್ಟಾಗಿದ್ದೇವೆ" ಎಂದ. ಅಕ್ಕರೆಯ ಮಾತು, ಆದರೆ ಅದು ಪುರಾವೆಯಲ್ಲ. ಇಂಥ ವಿಷಗಳ ಫಲ ಕಾಣಲು ಇಪ್ಪತ್ತು, ಮೂವತ್ತು ವರ್ಷ ಬೇಕಾಗುತ್ತದೆ. ಗಟ್ಟಿಮುಟ್ಟಾಗಿ ಎದುರು ನಿಂತವನನ್ನು ನಾವು ಎಣಿಸುತ್ತೇವೆ. ಊರು ಬಿಟ್ಟವರನ್ನು, ತೀರಿಕೊಂಡವರನ್ನು ಎಣಿಸುವುದಿಲ್ಲ.

ನೀರು ಪರೀಕ್ಷೆಯಾಗಿದೆ, ಚೆನ್ನಾಗಿದೆ ಎಂದೂ ಆತ ಹೇಳಿದ. ಆ ಮಾತು ನಿಜ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ನಿನ ಅಡಿ ಹಳ್ಳಿಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ನೀರು ಪರೀಕ್ಷಿಸಲು ಪೆಟ್ಟಿಗೆ ಕೊಟ್ಟಿದ್ದಾರೆ, ಶ್ಲಾಘ್ಯ ಕೆಲಸ. ಆದರೆ ಆ ಪೆಟ್ಟಿಗೆ ನೋಡುವುದು ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಕ್ಲೋರೈಡ್ ಮುಂತಾದುವನ್ನು. ಕ್ರೋಮಿಯಂ ಅದರ ಕಣ್ಣಿಗೆ ಬೀಳದು. ನೋಡದೆ ಇರುವುದನ್ನು 'ಇಲ್ಲ' ಎಂದು ಬರೆದುಕೊಳ್ಳುವುದು ನಮ್ಮ ಹಳೆಯ ರೋಗ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ವಿಧಿಸುತ್ತದೆ. ಅಷ್ಟು ಸೂಕ್ಷ್ಮವಾಗಿ ಅಳೆಯಲು ದೊಡ್ಡ ಪ್ರಯೋಗಾಲಯವೇ ಬೇಕು. ಗಣಿಯ ರಾಶಿಗಳ ಕೆಳಗಿನ ಪ್ರತಿ ಬಾವಿಯ ನೀರನ್ನೂ ವರ್ಷಕ್ಕೆರಡು ಬಾರಿ, ಮಳೆಗೆ ಮುಂಚೆ ಮತ್ತು ಮಳೆಯ ನಂತರ ಹೀಗೆ ಅಳೆಸಿ, ಫಲಿತಾಂಶವನ್ನು ಒಳ್ಳೆಯದಾಗಲಿ ಕೆಟ್ಟದಾಗಲಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ.

ಹೊಳೆನರಸೀಪುರದ ಸೀಮೆಯಲ್ಲಿ ಹಿಂದೆ ಕಲ್ನಾರು ತೆಗೆಯುತ್ತಿದ್ದರು. ಪ್ರಯೋಗಶಾಲೆಯ ಬಲೆಯಿಂದ ಆ ನಾರನ್ನು ಮಕ್ಕಳು ಉಗುರಿನಿಂದ ಕೆರೆಯುವಾಗ ನಾನು ಗದರಿಸಿದ್ದು ಬಲೆ ಹಾಳಾಗುತ್ತದೆಂಬ ಕಾರಣಕ್ಕೆ. ಅರಕಲಗೂಡಿನ ಕಡೆಯ ಹೊಗೆಸೊಪ್ಪಿನ ಹೊಲ, ಹಾಸನದ ಸುತ್ತಲ ಆಲೂಗೆಡ್ಡೆ ಹೊಲಗಳ ಬದುವಿನಲ್ಲಿ ಔಷಧಿಯ ಖಾಲಿ ಡಬ್ಬಗಳು ಬಿದ್ದಿರುವುದನ್ನು ಎಲ್ಲರೂ ಕಂಡಿದ್ದೀರಿ. ಅವನ್ನು ಒಡೆದು ಜನವಸತಿಯಿಂದ ದೂರ ಹೂಳಬೇಕೆಂದು 1971ರ ಕೀಟನಾಶಕ ನಿಯಮಾವಳಿಯೇ ಹೇಳಿದೆ. ಅದರ ಕಥೆ ಇನ್ನೊಮ್ಮೆ ಬರೆಯುತ್ತೇನೆ.

ಆ ಶಾಲೆಯ ಕೊಳವೆಬಾವಿಯ ನೀರನ್ನು ಎರಡು ಸೀಸೆಗಳಲ್ಲಿ ತುಂಬಿಟ್ಟಿದ್ದೇನೆ. ಗುರುವಾರ ಹಾಸನಕ್ಕೆ ಒಯ್ದು, ಅಲ್ಲಿಂದ ಕ್ರೋಮಿಯಂ ಅಳೆಯುವ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಶುಲ್ಕ ನನ್ನದೇ. ನುಗ್ಗೇಹಳ್ಳಿ ಹೋಬಳಿಯಲ್ಲಿ ನೆಲೆಸಿರುವ ಶಿಷ್ಯರು ಯಾರಾದರೂ ತಮ್ಮ ಬಾವಿಯ ನೀರನ್ನೂ ಜೊತೆಗೆ ಕಳುಹಿಸುವುದಾದರೆ ಬುಧವಾರ ಸಂಜೆಯೊಳಗೆ ಮನೆಗೆ ತಲುಪಿಸಿ. ಸೀಸೆಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ ತುಂಬಿ, ಬಾವಿ ಎಲ್ಲಿದೆಯೆಂದು ಚೀಟಿ ಅಂಟಿಸುವುದನ್ನು ಮರೆಯಬೇಡಿ.